ಮನೆಯೊಳಗಣ ಸೈಕಲ್ಲಿನ ಪೂರ್ವಕಥೆ

ಆಷಾಢದ ಮಳೆ ಹಿಡಿದರೆ ವಾಯುವಿಹಾರ ನಿಂತು ಮಂಡಿಗಳು ಬಿಗಿಯುತ್ತವೆ. ಈ ಚಿಂತೆ ಹೊಸದಲ್ಲ. ಲಂಡನ್ನಿನ ಫ್ರಾನ್ಸಿಸ್ ಲೌಂಡ್ಸ್ 1796ರಲ್ಲಿಯೇ ಕೀಲುಗಳ ವ್ಯಾಯಾಮಕ್ಕೆಂದು ‘ಜಿಮ್ನಾಸ್ಟಿಕಾನ್’ ಯಂತ್ರಕ್ಕೆ ಪೇಟೆಂಟ್ ಪಡೆದನು. ಕಾಲಿಗೆ ಮೆಟ್ಟುಹಲಗೆ, ಕೈಗೆ ತಿರುಗಿಸುವ ಹಿಡಿಕೆ. ಬೈಸಿಕಲ್ಲೇ ಹುಟ್ಟಿರದ ಕಾಲವದು! 1912ರಲ್ಲಿ ಮುಳುಗಿದ ಟೈಟಾನಿಕ್ ಹಡಗಿನ ವ್ಯಾಯಾಮಶಾಲೆಯಲ್ಲಿಯೂ ನಿಂತಲ್ಲೇ ತುಳಿಯುವ ಸೈಕಲ್ಲುಗಳಿದ್ದವು, ಆದರೆ ಮೊದಲ ದರ್ಜೆಯವರಿಗೆ ಮಾತ್ರ.

ಸಿರಿವಂತರ ಆ ಸೌಕರ್ಯ ಇಂದು ಪಿಂಚಣಿದಾರರಿಗೂ ಎಟಕುತ್ತದೆ. ಇರುವ ಸೈಕಲ್ಲಿನ ಹಿಂದಿನ ಗಾಲಿಗೆ ಜೋಡಿಸುವ ಟ್ರೈನರ್ ಸಾಕು. ಗಾಳಿಯ ಪಂಖವುಳ್ಳದ್ದು ಅಗ್ಗವಾದರೂ ಗದ್ದಲ ಹೆಚ್ಚು. ದ್ರವದ್ದು ಸಾಮಾನ್ಯವಾಗಿ ದುಬಾರಿ. ನಡುವಣ ಅಯಸ್ಕಾಂತದ್ದೇ ನನ್ನ ಆಯ್ಕೆ. ರೋಲರುಗಳ ಮೇಲೆ ಸಮತೋಲ ತಪ್ಪಿದರೆ ಬೀಳುವುದೇ. ನನ್ನ ಓರಗೆಯವರು ಅದರ ಗೊಡವೆಗೆ ಹೋಗದಿರಿ. ಟ್ರೈನರಿನ ಉಜ್ಜಾಟಕ್ಕೆ ಟೈರು ಬೇಗ ಸವೆಯುವುದರಿಂದ ಹಳೆಯದನ್ನೇ ಹಾಕಿಕೊಳ್ಳಿರಿ.