ಕಾರಿನ ಬಣ್ಣದ ಮಿನುಗು

ರಾಮದುರ್ಗದ ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು: ಅಂದು ನಮ್ಮೂರಿಗೆ ಬರುತ್ತಿದ್ದ ಅಂಬಾಸಡರ್ ಕಾರುಗಳಿಗೆ ಮಿನುಗುವ ಬಣ್ಣವಿರಲಿಲ್ಲ. ಪರದೇಶಗಳಲ್ಲಾದರೋ 1930ರ ಸುಮಾರಿಗೇ ಮೀನಿನ ಹುರುಪೆಯಿಂದ ತೆಗೆದ ಹೊಳಪನ್ನು ಶ್ರೀಮಂತರ ಕಾರುಗಳ ಬಣ್ಣಕ್ಕೆ ಬೆರೆಸುತ್ತಿದ್ದರು. ಸಸ್ಯಾಹಾರಿಯಾದ ನಾನು ಇದನ್ನೋದಿ ನಕ್ಕದ್ದುಂಟು! ಬಳಿಕ ಅಲ್ಯುಮಿನಿಯಂ ಪುಡಿ ಬಂದು ಮಿನುಗು ಅಗ್ಗವಾಯಿತು. ಅದರ ಕಣಗಳು ಚಪ್ಪಟೆ. ಸಿಂಪಡಿಸುವಾಗ ಅವು ಹೇಗೆ ಮಲಗುತ್ತವೆಯೋ ಅದರಂತೆ ಛಾಯೆ ಬದಲಾಗುತ್ತದೆ. ಆದ್ದರಿಂದಲೇ ಅದೇ ಡಬ್ಬಿಯ ಬಣ್ಣ ಹಚ್ಚಿದರೂ ತೇಪೆ ಎದ್ದು ಕಾಣುತ್ತದೆ.

ಈಚೆಗೆ ಶಿಷ್ಯನೊಬ್ಬ ತನ್ನ ತಂದೆಯ 1965ರ ಅಂಬಾಸಡರಿಗೆ ಮಿನುಗುವ ಬೆಳ್ಳಿಬಣ್ಣ ಹೊಡೆಸಲು ಹೊರಟಿದ್ದನು. ಅದು ಆ ಕಾಲದ ಬಣ್ಣವಲ್ಲ, ಮೊದಲು ಬಾಗಿಲ ಕೀಲಿನ ಸಂದಿಯಲ್ಲಿ ನೋಡು ಎಂದೆನು. ಅಲ್ಲಿ ಮಾಸಿದ ತಿಳಿಹಸಿರು ಉಳಿದಿತ್ತು. ಅವನ ತಾಯಿ ಕೂಡಲೇ ಗುರುತಿಸಿದರು. ಈಗ ಆ ಬಣ್ಣವನ್ನೇ ಕಲಸಿಸುತ್ತಿದ್ದಾನೆ.