ದಡಕ್ಕಿಳಿದವರು ಕಂಡ ತುಳುನಾಡು

ಹಡಗಿನಿಂದ ಇಳಿದು ಒಂದು ಹಗಲು ಊರನ್ನು ಸುತ್ತಿ, ಕತ್ತಲಾಗುವುದರೊಳಗೆ ಮತ್ತೆ ಹಡಗನ್ನೇರುವವನು ಆ ಊರಿನ ವಿಷಯವಾಗಿ ಏನನ್ನು ತಾನೆ ಬಲ್ಲನು? ಕೆರಿಬಿಯನ್ ಸಮುದ್ರದ ಬಂದರುಗಳಲ್ಲಿ ಇಂತಹ ಅತಿಥಿಗಳು ಈಗ ನಿತ್ಯದ ನೋಟ. ನಮ್ಮ ನವಮಂಗಳೂರು ಬಂದರಿಗೂ ವಿಹಾರದ ಹಡಗುಗಳು ಬರುವುದುಂಟು. ಅದರಲ್ಲಿ ಬಂದವರು ಕಾರ್ಕಳದ ಗೊಮ್ಮಟನನ್ನೋ ಮೂಡಬಿದಿರೆಯ ಬಸದಿಯನ್ನೋ ನೋಡಿಕೊಂಡು ಸಂಜೆಗೆ ಮರಳುವರು. ಅವರು ಮನೆಗೆ ಬರೆಯುವ ಕಾಗದದಲ್ಲಿ ಹೆಚ್ಚುಕಡಿಮೆಗಳಿದ್ದರೆ ಯಾರಿಗೂ ನಷ್ಟವಿಲ್ಲ. ಆದರೆ ನಮ್ಮ ಕರಾವಳಿಯ ಪೂರ್ವಚರಿತ್ರೆಯನ್ನು ಬರೆಯಹೊರಟವರು ಅಂತಹ ಕಾಗದಗಳನ್ನೇ ಬಹುಮಟ್ಟಿಗೆ ನೆಚ್ಚಬೇಕಾಗಿ ಬಂದಿದೆ. ಆದುದರಿಂದ ಅವುಗಳನ್ನು ಓದುವ ಬಗೆ ಯಾವುದೆಂಬುದು ವಿಚಾರಾರ್ಹವಾದ ಪ್ರಶ್ನೆ.

ಮೊದಲು ಬಾರಕೂರಿಗೆ ಹೋಗೋಣ. ಉಡುಪಿಗೆ ಉತ್ತರದಲ್ಲಿ, ಸುಮಾರು 10 ಮೈಲಿ ದೂರದಲ್ಲಿ, ಸೀತಾನದಿಯ ಬಳಿಯಲ್ಲಿರುವ ಈ ಊರು ಇಂದು ಶಾಂತವಾದ ಹಳ್ಳಿ. ಒಂದು ಕಾಲದಲ್ಲಿ ಅದು ಆಳುಪರ ರಾಜಧಾನಿ. ಅರಬ್ಬೀ ನಾವಿಕರ ಬಾಯಲ್ಲಿ ಅದರ ಹೆಸರು ‘ಫಾಕನೂರ್’. 1342ರ ಸುಮಾರಿಗೆ ಮೊರಾಕೋ ದೇಶದ ಇಬ್ನ್ ಬತೂತನು ಇಲ್ಲಿ ಇಳಿದನು. ದಿಲ್ಲಿಯ ಮಹಮ್ಮದ್ ಬಿನ್ ತುಘಲಕನು ಚೀನಾ ಚಕ್ರವರ್ತಿಗೆ ಕಳುಹಿಸಿದ ಕಾಣಿಕೆಗಳೊಡನೆ ಅವನು ರಾಯಭಾರಿಯಾಗಿ ಹೊರಟಿದ್ದನು. ಹಡಗುಗಳು ಲಂಗರು ಹಾಕಿದೊಡನೆ ಇಲ್ಲಿಯ ಒಡೆಯನು ತನ್ನ ಮಗನನ್ನೇ ಒತ್ತೆಯಾಗಿ ಹಡಗಿಗೆ ಕಳುಹಿಸಿದನಂತೆ. ಆಮೇಲೆಯೇ ಇವರು ದಡಕ್ಕೆ ಬಂದುದು. ಮೂರು ರಾತ್ರಿ ಒಳ್ಳೆಯ ಆತಿಥ್ಯ ದೊರೆಯಿತು. ಅದಕ್ಕೆ ಕಾರಣವನ್ನೂ ಬತೂತನೇ ಹೇಳುತ್ತಾನೆ: ದಿಲ್ಲಿಯ ಸುಲ್ತಾನನ ಮೇಲಿನ ಗೌರವವೊಂದು, ಹಡಗಿನ ಜನರೊಡನೆ ವ್ಯಾಪಾರಮಾಡಿ ಲಾಭ ಪಡೆಯುವ ಆಸೆ ಇನ್ನೊಂದು. ಎರಡನ್ನೂ ಮರೆಮಾಚದೆ ಬರೆದಿರುವುದು ಮೆಚ್ಚತಕ್ಕ ವಿಷಯ.

ಅವನು ಕಂಡುದೇನು? ಬೇರೆಲ್ಲಿಯೂ ಇಲ್ಲದಷ್ಟು ಒಳ್ಳೆಯ ಕಬ್ಬು. ಒಡೆಯನ ಸುಮಾರು 30 ಯುದ್ಧದ ಹಡಗುಗಳು. ಅವುಗಳ ನಾಯಕ ‘ಲೂಲಾ’ ಎಂಬ ಮುಸಲ್ಮಾನ. ಇವನು ಸಮುದ್ರದಲ್ಲಿ ವರ್ತಕರನ್ನು ಸುಲಿಯುವ ದುಷ್ಟನೆಂದು ಬತೂತನ ಮಾತು. ಈ ಬಂದರಿನ ಮುಂದೆ ಹಾದುಹೋಗುವ ಯಾವ ಹಡಗೇ ಆಗಲಿ, ನಿಂತು ಒಡೆಯನಿಗೆ ಕಾಣಿಕೆಯೊಪ್ಪಿಸಿ ಹೋಗಬೇಕು. ನಿಲ್ಲದೆ ಹೋದರೆ ಬೆನ್ನಟ್ಟಿ, ಬಲವಂತವಾಗಿ ಬಂದರಿಗೆ ತಂದು, ಸುಂಕವನ್ನು ಇಮ್ಮಡಿಸಿ, ಮನಬಂದಷ್ಟು ದಿನ ಹಿಡಿದಿಡುವರು. ಈ ತೆರಿಗೆಗೆ ‘ಹಕ್ಕುಲ್ ಬಂದರ್’ ಎಂದು ಹೆಸರು. ಅರಬ್ಬಿಯ ‘ಹಕ್ಕು’, ಪಾರಸಿಯ ‘ಬಂದರು’: ಎರಡಕ್ಕೂ ಇಂದು ನಮಗೆ ಅರ್ಥ ಹೇಳಬೇಕಾಗಿಲ್ಲ. ಬಂದ ಹಡಗುಗಳು ಹೊರಟುಹೋದವು. ಮಾತುಗಳು ಮಾತ್ರ ಕನ್ನಡದ ಮನೆಯಲ್ಲೇ ನಿಂತವು.

ಕಾಣದೆ ಹೋದುದೇನೆಂಬುದು ಇನ್ನೂ ಕುತೂಹಲಕರವಾಗಿದೆ. ಒಡೆಯನ ಹೆಸರನ್ನು ಬತೂತನು ‘ಬಾಸದೇವ್’ ಎಂದು ಬರೆದಿದ್ದಾನೆ, ವಾಸುದೇವನಿರಬೇಕು. ಶಾಸನಗಳನ್ನು ತೆರೆದರೆ ಆ ವರ್ಷಗಳಲ್ಲಿ ಬಾರಕೂರಿನಿಂದ ಆಳುತ್ತಿದ್ದವಳು ಹೊಯ್ಸಳ ಮೂರನೆಯ ವೀರಬಲ್ಲಾಳನ ರಾಣಿ, ಚಿಕ್ಕಾಯಿತಾಯಿ. ನಮ್ಮ ಯಾತ್ರಿಕನ ಬರೆವಣಿಗೆಯಲ್ಲಿ ಆಕೆಯ ಸುಳಿವೇ ಇಲ್ಲ. ಬತೂತನನ್ನು ಸತ್ಕರಿಸಿದವನು ರಾಣಿಯ ಅಧಿಕಾರಿಯೋ, ಬಂದರಿನ ಸಾಮಂತನೋ ಇದ್ದಿರಬಹುದೆಂದು ನನ್ನ ಊಹೆ. ಅತಿಥಿಗೆ ಎದುರುಗೊಂಡವನೇ ಅರಸನಾಗಿ ಕಂಡನು. ಮೂರು ದಿನದಲ್ಲಿ ಅಷ್ಟೇ ಸಾಧ್ಯ. ಮೇಲಾಗಿ ಈ ವೃತ್ತಾಂತ ಗ್ರಂಥವಾದುದು 1355ರಲ್ಲಿ, ದೂರದ ಮೊರಾಕೋದಲ್ಲಿ, ನೆನಪಿನಿಂದ ಹೇಳಿ ಬರೆಯಿಸಿದುದು. ಆದ್ದರಿಂದ ಸುಂಕದ ವಿಷಯದಲ್ಲಿ ಅವನನ್ನು ನಂಬಬಹುದು. ಸುಂಕ ಕೊಡುವವನಿಗೆ ಅದು ಚೆನ್ನಾಗಿ ತಿಳಿದಿರುತ್ತದೆ. ರಾಜ್ಯಭಾರದ ವಿಷಯದಲ್ಲಿ ಕಲ್ಲಿನ ಮಾತೇ ಮೇಲು.

ಎರಡನೆಯ ಅತಿಥಿ ಇನ್ನೂ ಪ್ರಸಿದ್ಧನು. ಮಲ್ಪೆಯ ಎದುರಿಗೆ ಸಮುದ್ರದಲ್ಲಿ ಕಂಬಗಳನ್ನು ಜೋಡಿಸಿಟ್ಟಂತೆ ಕಾಣುವ ಬಂಡೆಗಳ ದ್ವೀಪಗಳನ್ನು ಕೇಳುಗರಲ್ಲಿ ಹಲವರು ನೋಡಿರಬಹುದು. ವಾಸ್ಕೋ ಡ ಗಾಮನು ಕಲ್ಲಿಕೋಟೆಗೆ ಹೋಗುವ ದಾರಿಯಲ್ಲಿ ಮೊದಲು ಇಲ್ಲಿ ಇಳಿದನೆಂದು ಜನರು ಹೇಳುವುದುಂಟು. ಇದು ಸರಿಯಲ್ಲ. ಅವನು ಕಲ್ಲಿಕೋಟೆಯ ತೀರವನ್ನು ಮುಟ್ಟಿದುದು 1498ರ ಮೇ ತಿಂಗಳಲ್ಲಿ. ಅಲ್ಲಿಯ ಸಾಮೂದಿರಿಯೊಡನೆ ಮನಸ್ತಾಪ ಬೆಳೆದು ಹೊರಟುಬಂದ ಮೇಲೆ, ಸೆಪ್ಟೆಂಬರ್ 15ರಂದು, ದಡದಿಂದ ಎರಡು ಹರದಾರಿಯಷ್ಟು ಆಚೆಗಿದ್ದ ಕೆಲವು ಕಿರುದ್ವೀಪಗಳ ಬಳಿಗೆ ಬಂದನು. ಅವು ಮಲ್ಪೆಯ ದ್ವೀಪಗಳೇ ಎಂಬುದು ಬಹುಕಾಲದಿಂದ ಬಂದಿರುವ ಗುರುತು.

ಅವನ ಹಡಗಿನ ದಿನಚರಿಯಲ್ಲಿ ಆ ದಿನದ ವರದಿ ಕೆಲವೇ ಸಾಲು. ಬೆಸ್ತರ ದೋಣಿಗಳು ಮೀನು ತಂದವು. ನಾಯಕನು ಅವರಿಗೆ ಅಂಗಿಗಳನ್ನು ಕೊಟ್ಟು ಸಂತೋಷಪಡಿಸಿದನು. ದ್ವೀಪದ ಮೇಲೆ ಒಂದು ಕಂಬವನ್ನು ನೆಡಬಹುದೇ ಎಂದು ಕೇಳಿದುದಕ್ಕೆ, ಬಹಳ ಸಂತೋಷ, ನೀವೂ ನಮ್ಮಂತೆ ಕ್ರೈಸ್ತರೆಂಬುದು ಇದರಿಂದ ಸ್ಥಿರವಾಗುವುದು ಎಂದು ಅವರು ಉತ್ತರ ಕೊಟ್ಟರಂತೆ. ಪೋರ್ಚುಗಲ್ಲಿನ ಅರಸನು ಕೊಟ್ಟಿದ್ದ ಮೂರು ಕಂಬಗಳಲ್ಲಿ ‘ಸಾಂತಾ ಮರಿಯಾ’ ಎಂಬ ಹೆಸರಿನದು ಅಂದು ಇಲ್ಲಿ ನಿಂತಿತು.

ಕೇಳುಗರು ಒಂದು ಕ್ಷಣ ಆ ದೋಣಿಯಲ್ಲಿ ಕುಳಿತು ನೋಡಬೇಕು. ಮಲ್ಪೆಯ ಮೊಗವೀರರ ಮಾತು ತುಳು. ಎದುರಿಗಿರುವವರ ಮಾತು ಪೋರ್ಚುಗೀಸು. ನಡುವೆ ಇದ್ದುದೆಂದರೆ ಕೈಸನ್ನೆಯೋ, ಹಡಗಿನವರಲ್ಲಿ ಕೆಲವರು ಬಲ್ಲ ಅರಬ್ಬಿಯೋ! ಕಲ್ಲಿಕೋಟೆಯಲ್ಲಿ ದೇವಿಯ ಗುಡಿಯನ್ನು ಕಂಡು ಇಗರ್ಜಿಯೆಂದು ಭಾವಿಸಿ ಕೈಮುಗಿದು ಬಂದಿದ್ದ ಜನ ಅವರು. ಬೆಸ್ತರು ತಲೆಯಾಡಿಸಿದರು, ಹಡಗಿನವರು ತಮಗೆ ಬೇಕಾದುದನ್ನು ಕೇಳಿಸಿಕೊಂಡರು ಎನ್ನುವುದೇ ನ್ಯಾಯ. ಇದಕ್ಕೆ ಆರು ವರ್ಷ ಮೊದಲು, 1492ರ ಅಕ್ಟೋಬರ್ 12ರಂದು, ಕೊಲಂಬಸನು ಕೆರಿಬಿಯನ್ನಿನ ಅಂಚಿನ ಒಂದು ದ್ವೀಪದಲ್ಲಿ ಹೀಗೆಯೇ ಇಳಿದು, ಕೆಂಪು ಟೋಪಿಗಳನ್ನೂ ಗಾಜಿನ ಮಣಿಗಳನ್ನೂ ಹಂಚಿ, ಅಲ್ಲಿಯವರು ‘ಗುವಾನಹಾನಿ’ ಎನ್ನುತ್ತಿದ್ದ ನೆಲಕ್ಕೆ ‘ಸಾನ್ ಸಾಲ್ವದೋರ್’ ಎಂದು ಹೆಸರಿಟ್ಟಿದ್ದನು. ಅಲ್ಲಿಯ ಜನ ಕೆಲವೇ ದಶಕಗಳಲ್ಲಿ ಗುಲಾಮಗಿರಿಗೂ ರೋಗಕ್ಕೂ ತುತ್ತಾದರು. ನಮ್ಮ ಬೆಸ್ತರು ಉಳಿದರು, ಕಂಬವು ಉಳಿಯಲಿಲ್ಲ. ಆದರೂ ದ್ವೀಪಕ್ಕೆ ನಾವು ಹೇಳುವ ಹೆಸರು ಸೇಂಟ್ ಮೇರಿಯದೇ.

ಅಲ್ಲಿಂದ ಒಳನಾಡಿಗೆ 25 ಮೈಲಿಯಷ್ಟು ಹೋಗಿದ್ದರೆ ಗಾಮನು ಕಾರ್ಕಳದ ಬೆಟ್ಟದ ಮೇಲೆ 42 ಅಡಿಯ ಗೊಮ್ಮಟನನ್ನು ಕಾಣುತ್ತಿದ್ದನು. ಭೈರರಸ ವೀರಪಾಂಡ್ಯನು ಅದನ್ನು ನಿಲ್ಲಿಸಿದುದು 1432ರಲ್ಲಿ. ಆಗಲೇ 66 ವರ್ಷ ಕಳೆದಿತ್ತು. ದಿನಚರಿಯಲ್ಲಿ ಬೆಟ್ಟವೂ ಇಲ್ಲ, ಗೊಮ್ಮಟನೂ ಇಲ್ಲ, ಉಡುಪಿಯೂ ಇಲ್ಲ.

ದಡದವರ ಕಡೆಯಿಂದ ಹೇಳಿದ ಹಡಗಿನ ಕಥೆ ನಮ್ಮಲ್ಲಿ ಒಂದುಂಟು. ಅದು ಚರಿತ್ರೆಯಲ್ಲ, ಸಂಪ್ರದಾಯ. ದ್ವಾರಕೆಯಿಂದ ಬಂದ ಹಡಗೊಂದು ಮಲ್ಪೆಯ ಬಳಿ ಬಿರುಗಾಳಿಗೆ ಸಿಕ್ಕಿತು. ದಡದಲ್ಲಿದ್ದ ಮಧ್ವಾಚಾರ್ಯರು ಉತ್ತರೀಯವನ್ನು ಬೀಸಿ ಅದನ್ನು ಪಾರುಮಾಡಿದರು. ಏನು ಬೇಕಾದರೂ ಕೊಡುವೆನೆಂದ ನಾವಿಕನಿಂದ ಅವರು ತೆಗೆದುಕೊಂಡುದು, ಭಾರಕ್ಕೆಂದು ಹಡಗಿನಲ್ಲಿ ಹಾಕಿದ್ದ ಗೋಪೀಚಂದನದ ಹೆಂಟೆಗಳನ್ನು. ಅವುಗಳಲ್ಲಿದ್ದ ಬಲರಾಮನು ಮಲ್ಪೆಯ ವಡಭಾಂಡೇಶ್ವರದಲ್ಲಿ ನಿಂತನು, ಕೃಷ್ಣನು ಉಡುಪಿಗೆ ಹೋದನು. ಈ ಕಥೆಯಲ್ಲಿ ಗಾಳಿಯುಂಟು, ಹೆಂಟೆಯ ಲೆಕ್ಕವುಂಟು. ನಾವಿಕನ ಹೆಸರನ್ನು ಮಾತ್ರ ಯಾರೂ ಕೇಳಲಿಲ್ಲ.