ಯಡ್ರಾಮಿ ಕಡೆ ಪ್ರತಿ ವರ್ಷ ನಡೆಯೋ ಕರ್ಬಲಾ ಕದನ

ಯುದ್ಧವನ್ನ ಮತ್ತೆ ಆಡಿ ತೋರಿಸೋದು ಅಂದ್ರೆ ನಿಮಗೆ ಏನು ನೆನಪಾಗುತ್ತೆ? ಯೂಟ್ಯೂಬ್‌ನಲ್ಲಿ ಬೆಲ್ಜಿಯಂನ ವಾಟರ್ಲೂ ವಿಡಿಯೊಗಳನ್ನ ನೋಡಿರಬಹುದು. 1815ರಲ್ಲಿ ನೆಪೋಲಿಯನ್ ಸೋತ ಜಾಗ ಅದು. 2015ರಲ್ಲಿ, ಇನ್ನೂರನೇ ವರ್ಷಕ್ಕೆ, ಸಾವಿರಾರು ಜನ ಹಳೇ ಸಮವಸ್ತ್ರ ತೊಟ್ಟು, ಬಂದೂಕು ಹಿಡಿದು ಅದೇ ಕದನ ಆಡಿದ್ರು. ಹೊಗೆ, ಕುದುರೆ, ಟಿಕೆಟ್, ಎಲ್ಲಾ ಇತ್ತು.

ಕಲಬುರಗಿ ಜಿಲ್ಲೆಯ ನಮ್ಮ ಯಡ್ರಾಮಿ, ಜೇವರ್ಗಿ ಸೀಮೆಯಲ್ಲಿ ಅಂಥದ್ದು ಇದೆಯಾ? ಇದೆ. ಆದ್ರೆ ನಾವು ಅದನ್ನ ಯುದ್ಧ ಅನ್ನಲ್ಲ, ಹಬ್ಬ ಅಂತೀವಿ. ಮೊಹರಂ.

ಒಂದು ವಿಚಿತ್ರ ನೋಡ್ರಿ. ನಮಗೆ ದೂರವೇನೂ ಅಲ್ಲದ ಸುರಪುರದಲ್ಲಿ 1858ರ ಫೆಬ್ರುವರಿಯಲ್ಲಿ ರಾಜಾ ವೆಂಕಟಪ್ಪ ನಾಯಕರ ಪಡೆಗೂ ಬ್ರಿಟಿಷರಿಗೂ ನಿಜವಾದ ಕಾಳಗ ಆಯ್ತು. ಕ್ಯಾಪ್ಟನ್ ನ್ಯೂಬೆರಿ ಅನ್ನೋ ಅಧಿಕಾರಿ ಅದರಲ್ಲಿ ಸತ್ತ. ಅದನ್ನ ಊರೂರಲ್ಲಿ ಆಡಿ ತೋರಿಸೋದನ್ನ ನಾನು ನೋಡಿಲ್ಲ. ಆದ್ರೆ ಮೂರು ಸಾವಿರ ಕಿಲೋಮೀಟರಿಗಿಂತ ದೂರದ ಇರಾಕ್‌ನಲ್ಲಿ, ಕ್ರಿ.ಶ. 680ರಲ್ಲಿ ನಡೆದ ಕರ್ಬಲಾ ಕದನ ಮಾತ್ರ ನಮ್ಮ ಹಳ್ಳಿ ಹಳ್ಳಿಯಲ್ಲಿ ಪ್ರತಿ ವರ್ಷ ಮತ್ತೆ ನಡೆಯುತ್ತೆ!

ಕಥೆ ಇಷ್ಟು. ಪ್ರವಾದಿಯವರ ಮೊಮ್ಮಗ ಹುಸೇನ್, ಖಲೀಫ ಯಜೀದನಿಗೆ ನಿಷ್ಠೆ ಹೇಳೋಕೆ ಒಪ್ಪಲಿಲ್ಲ. ಕರ್ಬಲಾದ ಬಯಲಲ್ಲಿ ಸಾವಿರಾರು ಸೈನಿಕರು ಅವರನ್ನ ಸುತ್ತುವರಿದ್ರು. ಹುಸೇನರ ಜೊತೆ ಇದ್ದವರು ಸುಮಾರು 72 ಜನ ಅಂತಾರೆ. ಯೂಫ್ರೆಟಿಸ್ ನದಿಯ ನೀರು ಬಂದ್. ಮೊಹರಂ ತಿಂಗಳ ಹತ್ತನೇ ದಿನ ಹುಸೇನ್ ಹತರಾದ್ರು. ತಮ್ಮ ಅಬ್ಬಾಸ್, ಮಕ್ಕಳಿಗೆ ನೀರು ತರೋಕೆ ಹೋಗಿ ಸತ್ತ. ಆತನೇ ಆ ಸಣ್ಣ ದಂಡಿನ ಬಾವುಟ ಹಿಡಿದವನು.

ಬಾವುಟಕ್ಕೆ ಅರಬ್ಬಿಯಲ್ಲಿ ಆಲಂ. ನಮ್ಮೂರ ಮಸೀದಿಯಲ್ಲಿ, ಇಲ್ಲಾ ಚಾವಡಿಯಲ್ಲಿ, ರೇಷ್ಮೆ ಬಟ್ಟೆ ಸುತ್ತಿ, ಹೂವು ಕಟ್ಟಿ ಕೂಡಿಸ್ತೀವಲ್ಲ ಆ 'ದೇವರು', ಆ ಪಂಜಾ, ಅದು ಮೂಲದಲ್ಲಿ ಯುದ್ಧದ ನಿಶಾನಿ. ದಂಡಿನ ಮುಂದೆ ಹೋಗೋ ಧ್ವಜವನ್ನ ನಾವು ದೇವರು ಮಾಡ್ಕೊಂಡೀವಿ. ಗುದ್ದಲಿ ಹಾಕಿ ಅಲಾಯಿ ಕುಣಿ ತೋಡ್ತಾರೆ. ಕೊನೇ ರಾತ್ರಿ ಅದರಲ್ಲಿ ಬೆಂಕಿ. ಆ ರಾತ್ರಿಗೆ 'ಕತ್ತಲ ರಾತ್ರಿ' ಅಂತ ಹೆಸರು. ಮೂಲ ಪದ 'ಖತಲ್', ಅಂದ್ರೆ ಕೊಲೆ. ನಮ್ಮ ಕಿವಿಗೆ ಅದು ಕತ್ತಲಾಗಿ ಕೇಳಿಸಿದೆ. ಅರ್ಥ ಏನೂ ಕೆಟ್ಟಿಲ್ಲ ಅನ್ಸುತ್ತೆ ನನಗೆ.

ವಾಟರ್ಲೂಗೂ ಇದಕ್ಕೂ ದೊಡ್ಡ ಫರಕು ಅಂದ್ರೆ, ಇಲ್ಲಿ ಯಾರೂ ಹುಸೇನ್ ಆಗಲ್ಲ, ಯಾರೂ ಯಜೀದ್ ಆಗಲ್ಲ. ಇರಾನ್‌ನಲ್ಲಿ ತಾಜಿಯಾ ಅನ್ನೋ ನಾಟಕ ಇದೆ, 2010ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಅದರಲ್ಲಿ ಹುಸೇನರ ಕಡೆಯವರಿಗೆ ಹಸಿರು ಬಟ್ಟೆ, ಶತ್ರುಗಳಿಗೆ ಕೆಂಪು. ನಮ್ಮಲ್ಲಿ ಕದನ ನಡೆಯೋದು ಹಾಡಿನಲ್ಲಿ. ರಿವಾಯತ್ ಪದ ಅಂತಾರೆ, ಅಂದ್ರೆ ನಡೆದದ್ದನ್ನ ಹೇಳೋದು. ಕುಣಿಯ ಸುತ್ತ ಗೆಜ್ಜೆ ಕಟ್ಟಿ ಹೆಜ್ಜೆ ಹಾಕ್ತಾ, ಒಂದು ಮೇಳ ಸವಾಲ್ ಹಾಕಿದ್ರೆ ಇನ್ನೊಂದು ಜವಾಬ್ ಕೊಡಬೇಕು. ಅದೂ ಅಪ್ಪಟ ಕನ್ನಡದಲ್ಲಿ. ನಾನು ಕೇಳಿದ ಒಂದು ಪದದಲ್ಲಿ, ಯುದ್ಧಕ್ಕೆ ಹೊರಟ ಎಳೆಯ ಕಾಸೀಮನಿಗೆ ಅರಿಶಿಣ ಹಚ್ಚಿ ಬಾಸಿಂಗ ಕಟ್ಟಿ ಮದುವೆ ಮಾಡ್ತಾರೆ. ಆ ಮದುವೆಯನ್ನ ಇತಿಹಾಸಕಾರರು ಒಪ್ಪಲ್ಲ. ಅಲ್ಲಿ ನಿಂತ ಹೆಣ್ಮಕ್ಕಳು ಮಾತ್ರ ಸೆರಗಿನಲ್ಲಿ ಕಣ್ಣು ಒರೆಸ್ಕೊಳ್ತಿದ್ರು.

ಹಾಡೋ ಒಬ್ಬ ಮುತ್ಯಾಗೆ ಕೇಳಿದೆ: 'ಗೆದ್ದವರ ಪದ ಯಾಕ ಇಲ್ಲ ಮುತ್ಯಾ?'

'ಗೆದ್ದವ್ರಿಗಿ ರಾಜ್ಯಾ ಸಿಕ್ಕದಲ್ಲೋ ತಮ್ಮಾ, ಮತ್ತ ಹಾಡ್ ಬ್ಯಾರೆ ಬೇಕೇನು?'

ಇದು ಇಲ್ಲಿಗೆ ಬಂದದ್ದು ಹೇಗೆ? ವಿಜಯಪುರದ ಯೂಸುಫ್ ಆದಿಲ್ ಶಾಹ 16ನೇ ಶತಮಾನದ ಶುರುವಿನಲ್ಲಿ ಶಿಯಾ ಪಂಥವನ್ನ ರಾಜ್ಯದ ಪಂಥ ಅಂತ ಸಾರಿದ. ಆಮೇಲೆ ಬಂದ ಸುಲ್ತಾನರಲ್ಲಿ ಕೆಲವರು ಶಿಯಾ, ಕೆಲವರು ಸುನ್ನಿ. 1686ರಲ್ಲಿ ಔರಂಗಜೇಬ ವಿಜಯಪುರ ಗೆದ್ದ, ಆ ವಂಶ ಮುಗೀತು. ನಂತರ ನಿಜಾಮರು, ಅವರೂ 1948ಕ್ಕೆ ಹೋದ್ರು. ಅರಮನೆಯ ಹಬ್ಬ ಅರಮನೆ ಜೊತೆ ಹೋಗಬೇಕಿತ್ತು, ಹೋಗಲಿಲ್ಲ. ಒಕ್ಕಲಿಗರ ಕೈಲಿ, ಕುರಿ ಕಾಯೋರ ಕೈಲಿ ಉಳೀತು. ಒಂದೂ ಮುಸ್ಲಿಂ ಮನೆ ಇಲ್ಲದ ಹಳ್ಳಿಗಳಲ್ಲೂ ದೇವರು ಕೂಡ್ತಾವೆ. ನೀರಿಲ್ಲದೆ ಸತ್ತವರ ಕಥೆ ಬರಗಾಲ ಕಂಡ ಸೀಮೆಗೆ ಬಿಡಿಸಿ ಹೇಳಬೇಕಾಗಿರಲಿಲ್ಲ ಅನ್ನೋದು ನನ್ನ ಲೆಕ್ಕ.

ಆದ್ರೆ ಭಾವೈಕ್ಯ ಅಂತ ಭಾಷಣ ಮಾಡಿ ಮುಗಿಸೋ ವಿಷಯ ಅಲ್ಲ ಇದು. ನಾನು ನೋಡಿದ ಊರುಗಳಲ್ಲಿ ದೇವರು ಹೊರೋ ಮನೆತನ ಬೇರೆ, ಹಲಗಿ ಬಾರಿಸೋ ಮನೆತನ ಬೇರೆ. ಅದು ಅದಲುಬದಲಾದದ್ದನ್ನ ನಾನು ಕಂಡಿಲ್ಲ. ಈಗ ಎರಡೂ ಕಡೆಯಿಂದ ಇನ್ನೊಂದು ಮಾತು ಬರ್ತಿದೆ: 'ಇದು ನಮ್ಮ ಧರ್ಮದ್ದಲ್ಲ' ಅಂತ ಮುಸ್ಲಿಮರಲ್ಲಿ ಕೆಲವರು, ಹಿಂದೂಗಳಲ್ಲಿ ಕೆಲವರು. ಎರಡೂ ಕಡೆಯವರು ಕೈಬಿಟ್ರೆ ಕುಣಿ ತೋಡೋರು ಯಾರು? ಹಾಡೋ ಹುಡುಗರು ಬೆಂಗಳೂರು, ಮುಂಬೈ, ಪುಣೆಗೆ ದುಡಿಯೋಕೆ ಹೋಗ್ಯಾರ. ಉಳಿದವರು ಡಿಜೆ ತರಿಸ್ತಾರೆ. ಡಿಜೆಗೆ ಸವಾಲ್-ಜವಾಬ್ ಬರಲ್ಲ.

ಆ ಮುತ್ಯಾ ಹತ್ರ ಒಂದು ವಹಿ ಇದೆ, ಮೂಲೆಯೆಲ್ಲಾ ಎಣ್ಣೆ ಹೀರಿದೆ. ಪದಗಳನ್ನ ಫೋನಲ್ಲಿ ರೆಕಾರ್ಡ್ ಮಾಡ್ಕೋತಾ ಇದ್ದೀನಿ. ಕೆಲವಕ್ಕೆ ದಾಟಿ ಆತನಿಗೇ ನೆನಪಿಲ್ಲ. 'ಜವಾಬ್ ಹಾಡೋ ಗೆಳೆಯ ಇದ್ದಿದ್ರ ನೆನಪಾಗ್ತಿತ್ತು' ಅಂತಾನೆ.

ನೀವೂ ನೋಡಬೇಕು ಅಂದ್ರೆ ತಾರೀಕು ಮೊದಲೇ ಕೇಳಿಕೊಳ್ರಿ. ಚಾಂದ್ರಮಾನ ಲೆಕ್ಕ, ಹಬ್ಬ ಪ್ರತಿ ವರ್ಷ ಹತ್ತು-ಹನ್ನೊಂದು ದಿನ ಮುಂಚೆ ಬರುತ್ತೆ. 2024ರಲ್ಲಿ ಜುಲೈ 17, 2025ರಲ್ಲಿ ಜುಲೈ 6. ಹತ್ತನೇ ದಿನದ ಮೆರವಣಿಗೆಗೆ ಬರಬೇಡ್ರಿ, ಹಿಂದಿನ ರಾತ್ರಿಗೇ ಬರ್ರಿ. ಹಾಡು ಬಿಸಿ ಏರೋದು ನಡುರಾತ್ರಿ ಮೇಲೆ. ಚಪ್ಪಲಿ ದೂರ ಬಿಟ್ಟು ಕುಣಿ ಹತ್ರ ನಿಲ್ರಿ, ರೀಲ್ಸ್ ಆಮೇಲೆ ಮಾಡಿದ್ರಾಯ್ತು. ಯಾರಾದ್ರೂ ಚೋಂಗೆ ಕೊಟ್ರೆ ಬ್ಯಾಡ ಅನಬೇಡ್ರಿ.